ಮಾವ ಹಚ್ಚಿದ ಹುಣಸೆ ಗಂಜಿ

ನನ್ನ ಮಾವನ ಹೆಸರು ಹಾಲಸಿದ್ದ. ಈ ಹೆಸರನ್ನು ನಾನು ಬಾಯಿ ಬಿಟ್ಟು ಹೇಳುವಂತಿಲ್ಲ. ಬರೆಯಬಾರದು ಎಂದು ಮಾತ್ರ ಇದುವರೆಗೆ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅತ್ತೆ ಲಗಮವ್ವನವರಂತೂ ಗಂಡನ ಹೆಸರಿನಲ್ಲಿ ಸೇರಿದೆಯೆಂದು ಹಾಲಿಗೂ ಹಾಲು ಎನ್ನುವುದಿಲ್ಲ, ‘ಬಿಳೀದು’ ಎನ್ನುತ್ತಾರೆ. ಡೇರಿಯ ಮುಂದೆ ಸಾಲಿನಲ್ಲಿ ನಿಂತು “ನಮ್ಮ ಬಿಳೀದು ಎಷ್ಟಾತೋ?” ಎಂದು ಕೇಳುತ್ತಾರೆ. ಡೇರಿಯವನಿಗೂ ಅದು ರೂಢಿಯಾಗಿದೆ. ಅಂಥ ಮನೆ ನಮ್ಮದು.

ಊರು ಅನಂತಪುರ, ಅಥಣಿ ತಾಲೂಕು. “ಹಾಲಸಿದ್ದನ ಕೈಯಾಗ ಕೊಟ್ರ ಸತ್ತದ್ದೂ ಎದ್ದ ಕುಂದರತೈತಿ” ಎಂದು ಊರಿನವರು ಮಾವನನ್ನು ಹೊಗಳುತ್ತಾರೆ. ಅವರದೇನು ಹೋಗುತ್ತದೆ? ಹಾಗೆ ಎದ್ದು ಕೂತದ್ದರ ಜೊತೆ ಬಾಳುವೆ ಮಾಡುವವಳು ನಾನು.

ಮಾವ ಹುಟ್ಟಿದ್ದು ಕುರಿಯವರ ಮನೆಯಲ್ಲಿ. ವಯಸ್ಸಿನಲ್ಲಿ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಮಿರಜದ ಕಡೆಗೆ ಹೋದರೆ ಮರಳಿ ಬರುತ್ತಿದ್ದದ್ದು ಮಳೆ ಹಿಡಿಯುವ ಹೊತ್ತಿಗೆ. ಯಾರದೋ ಹೊಲದಲ್ಲಿ ಕುರಿ ತರುಬಿ ಮಲಗುವ ಬದುಕು. ಅಲ್ಲಿ ಚಪ್ಪಲಿ ಹರಿದರೆ ಅಂಗಡಿ ಇಲ್ಲ, ಕಂದೀಲು ಒಡೆದರೆ ಇನ್ನೊಂದಿಲ್ಲ. ಹೆಗಲ ಚೀಲದಲ್ಲಿ ಒಂದು ದಬ್ಬಣ, ಕರಿ ಉಣ್ಣೆಯ ದಾರ, ಒಂದು ಚಾಕು, ಮತ್ತೆ ಹುಣಸೆ ಬೀಜದ ಹಿಟ್ಟು. ಅವರ ಅಪ್ಪ ಕಂಬಳಿ ನೇಯುತ್ತಿದ್ದರಂತೆ. ನೂಲು ಗಟ್ಟಿಯಾಗಲೆಂದು ಹುಣಸೆ ಬೀಜ ಹುರಿದು, ಬೀಸಿ, ಕುದಿಸಿ ಅದರ ಗಂಜಿಯನ್ನು ಕಂಬಳಿಗೆ ಹಚ್ಚುತ್ತಾರೆ. ಆ ಗಂಜಿಯ ಮೇಲೆ ಮಾವನಿಗೆ ದೇವರ ಮೇಲೆ ಇರುವುದಕ್ಕಿಂತ ಹೆಚ್ಚು ನಂಬಿಕೆ. ಹರಿದ ಡೊಳ್ಳಿಗೂ ಅದೇ, ಒಡೆದ ರೇಡಿಯೊ ಪೆಟ್ಟಿಗೆಗೂ ಅದೇ.

ಆ ಬದುಕಿನಲ್ಲಿ ಅದು ಜಾಣತನವೇ ಆಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕುರಿ ಮಾರಿ ಎಷ್ಟೋ ವರ್ಷವಾಯಿತು. ಈಗ ಇರುವುದು ನಾಲ್ಕಾರು ಆಡು, ಒಂದು ಎಮ್ಮೆ, ಕಾಲುವೆಯ ದಂಡೆಗೆ ಒಂದಿಷ್ಟು ಕಬ್ಬು. ಕುರಿ ಹೋದವು, ದಬ್ಬಣ ಮಾತ್ರ ಉಳಿಯಿತು. ನಮ್ಮ ಮಿಕ್ಸರಿನ ಮುಚ್ಚಳಕ್ಕೆ ಕರಿ ಉಣ್ಣೆಯ ಕಟ್ಟು. ಬಚ್ಚಲಿನ ಪ್ಲಾಸ್ಟಿಕ್ ಬಕೆಟ್ ಸೀಳಿದಾಗ ಅದನ್ನು ಗೋಣಿಚೀಲ ಹೊಲಿದಂತೆ ಹೊಲಿದಿದ್ದಾರೆ, ಸ್ನಾನ ಮುಗಿಯುವುದರೊಳಗೆ ಅರ್ಧ ನೀರು ಹೊಲಿಗೆಯಿಂದಲೇ ಸೋರಿ ಹೋಗಿರುತ್ತದೆ. ಹೊಸ ಬಕೆಟ್ ತಂದರೆ ಅದು ಕಾಳು ತುಂಬಲು ಹೋಗುತ್ತದೆ. ಮಾವನ ಕನ್ನಡಕದ ಒಂದು ಕಿವಿಯ ಕಡ್ಡಿಗೂ ಅದೇ ಉಣ್ಣೆ ಸುತ್ತಿದೆ, ಬೆವರು ಕುಡಿದು ಕುಡಿದು ಅದು ಜಿಡ್ಡುಗಟ್ಟಿ ಹೊಳೆಯುತ್ತದೆ. ಎಲ್ಲಕ್ಕಿಂತ ಅಸಹ್ಯವೆಂದರೆ ದಾರ ಪೋಣಿಸುವ ರೀತಿ. ತಂಬಾಕು ತುಂಬಿದ ಬಾಯಿಗೆ ದಾರ ಹಾಕಿ, ತುದಿ ಚೂಪು ಮಾಡಿ, ಕಂದು ಎಂಜಲು ಸಮೇತ ದಬ್ಬಣಕ್ಕೆ ಏರಿಸುತ್ತಾರೆ. ಆ ಮುಚ್ಚಳದ ಮಿಕ್ಸರಿನಲ್ಲಿ ನಾನು ಚಟ್ನಿ ರುಬ್ಬಬೇಕು.

ಇದನ್ನೆಲ್ಲ ಅವರಿಗೆ ಹೇಳಬಾರದಿತ್ತೇ ಎಂದು ಕೇಳಬಹುದು. ಹೇಳುವುದು ಹೇಗೆ? ನಮ್ಮ ಮನೆಯಲ್ಲಿ ಸೊಸೆ ಮಾವನೊಡನೆ ನೇರ ಮಾತಾಡುವಂತಿಲ್ಲ. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿದ್ದರೂ ಮಾತು ಅತ್ತೆಯ ಮೇಲೆ ಹಾದು ಹೋಗಬೇಕು.

“ಅತ್ತಿ, ಮಾವಾರಿಗೆ ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?” ಎಂದು ನಾನು ಕೇಳುತ್ತೇನೆ.

ಅತ್ತೆ ಗಂಡನ ಕಡೆ ತಿರುಗಿ, “ಇನ್ನೊಂದ್ ರೊಟ್ಟಿ ಬೇಕೇನು ಅಂತಾಳ” ಎನ್ನುತ್ತಾರೆ.

“ಸಾಕಂತ ಹೇಳ ಅಕಿಗೆ.”

“ಸಾಕಂತ ನೋಡವಾ ಅನುಸೂಯಾ.”

ರೊಟ್ಟಿಯ ಮಾತಾದರೆ ಹೀಗೆ ಸಾಗುತ್ತದೆ. ಗಂಡನಿಗೆ ಬುದ್ಧಿ ಹೇಳುವ ಮಾತಾದರೆ ಅತ್ತೆಯೂ ನೇರ ಹೇಳುವುದಿಲ್ಲ, ಎಮ್ಮೆಗೆ ಹೇಳುತ್ತಾರೆ. “ನೋಡಬೇ ಎಮ್ಮಿ, ಕೆಲವ್ರಿಗೆ ಹೊತ್ತು ಮುಳುಗಿದ್ರೂ ಮನಿ ನೆನಪಾಗೂದಿಲ್ಲ.” ಮಾವ ಅದನ್ನು ತಮಗೆ ಹೇಳಿದ್ದೆಂದು ತಿಳಿದುಕೊಳ್ಳಬೇಕು. ಮನಸ್ಸಿದ್ದರೆ ತಿಳಿದುಕೊಳ್ಳುತ್ತಾರೆ, ಇಲ್ಲದಿದ್ದರೆ ಎಮ್ಮೆಗೆ ಹೇಳಿದ್ದೆಂದೇ ಇಟ್ಟುಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಇದು ನಗು ತರಿಸುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಈಗ ಬರುವುದು ಬರೀ ಹೇಸಿಗೆ.

ಇಂಥ ಮನೆಯಲ್ಲಿ ನನ್ನದು ಎಂದು ಇದ್ದದ್ದು ಒಂದು ಲ್ಯಾಪ್‌ಟಾಪ್. ಬಿ.ಎಸ್ಸಿ. ಓದುವಾಗ ಅಲಖನೂರಿನ ನನ್ನ ಅಪ್ಪ ಕೊಡಿಸಿದ್ದು. ಹಳೆಯದಾದರೂ ನಡೆಯುತ್ತಿತ್ತು. ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಕಲಿಸುವ ಒಂದು ಕಂಪನಿಗೆ ಅರ್ಜಿ ಹಾಕಿದ್ದೆ. ಬರೆಯುವ ಪರೀಕ್ಷೆ ಪಾಸಾಯಿತು. ಉಳಿದದ್ದು ಒಂದೇ: ಸೋಮವಾರ ಬೆಳಿಗ್ಗೆ ಕ್ಯಾಮೆರಾದ ಮುಂದೆ ಕೂತು ಒಂದು ಪಾಠ ಮಾಡಿ ತೋರಿಸಬೇಕು. ಫೋನಿನಲ್ಲಿ ನಡೆಯುವುದಿಲ್ಲ, ಲ್ಯಾಪ್‌ಟಾಪೇ ಬೇಕು, ಮುಖ ನೆಟ್ಟಗೆ ಕಾಣಬೇಕು ಎಂದು ಮೊದಲೇ ತಿಳಿಸಿದ್ದರು. ಅದೊಂದು ದಾಟಿದರೆ ನನಗೆ ಮನೆಯಲ್ಲೇ ಕೂತು ಮಾಡುವ ಕೆಲಸ. ದಿನಕ್ಕೆ ಒಂದಷ್ಟು ಹೊತ್ತು ನನ್ನ ಮಾತನ್ನು ಯಾರಾದರೂ ನೇರವಾಗಿ ಕೇಳುತ್ತಾರೆ ಎಂಬ ಆಸೆ.

ಆ ಲ್ಯಾಪ್‌ಟಾಪಿನ ಬಿಜಾಗರಿ, ಅಂದರೆ ಮುಚ್ಚಳ ತಿರುಗುವ ಕೀಲು, ಹಲವು ತಿಂಗಳಿಂದ ಬಿಗಿಯಾಗಿತ್ತು. ಮುಚ್ಚಳ ಎತ್ತುವಾಗ ಕರಕರ ಎನ್ನುತ್ತಿತ್ತು. ಒಂದು ದಿನ ಪರದೆಯ ಎಡಗಡೆಯ ಮೂಲೆ ಬಾಯಿ ತೆರೆದು, ಪ್ಲಾಸ್ಟಿಕ್ ಸೀಳಿ, ಒಳಗಿನ ಕಬ್ಬಿಣದ ಪಟ್ಟಿ ಹೊರಬಂತು. ಮುಚ್ಚಳ ನಿಲ್ಲದೆ ಹಿಂದಕ್ಕೆ ಬಿತ್ತು. ಕ್ಯಾಮೆರಾ ಇರುವುದು ಆ ಮುಚ್ಚಳದ ಮೇಲೆ. ಅದು ನಿಲ್ಲದಿದ್ದರೆ ಪರೀಕ್ಷೆ ಮಾಡುವವರಿಗೆ ಕಾಣುವುದು ನನ್ನ ಮುಖವಲ್ಲ, ನಮ್ಮ ಮನೆಯ ಮಾಡಿನ ತಗಡು. ತಮ್ಮನ ನಿಶ್ಚಯಕ್ಕೆಂದು ನಾನು ತವರಿಗೆ ಹೋಗುವುದಿತ್ತು. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ, ಟ್ರಂಕಿನ ಮೇಲಿಟ್ಟು, ಅಥಣಿಯ ಅಂಗಡಿಗೆ ಕೊಟ್ಟು ಬರಲು ನನ್ನ ಗಂಡ ಮಾಳೇಶನಿಗೆ ಹೇಳಿ ಹೋದೆ. ಆತ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. “ಆತ್ ಬಿಡ, ಕೊಡತೇನಿ” ಎಂದ. ಕೊಡಲಿಲ್ಲ, ಮರೆತ.

ಅಲಖನೂರಿನಿಂದ ಮರಳಿ ಬಂದು ಬಾಗಿಲು ದಾಟುತ್ತಲೇ ಒಂದು ಹುಳಿ ನಾತ ಮೂಗಿಗೆ ಬಡಿಯಿತು. ಆಡು ಏನಾದರೂ ಸತ್ತಿದೆಯೇ ಎಂದು ನೋಡಿದೆ. ಒಲೆಯ ಪಕ್ಕದ ಮೂಲೆಯಲ್ಲಿ ನನ್ನ ಲ್ಯಾಪ್‌ಟಾಪ್ ಬಾಯಿ ತೆರೆದು ಕೂತಿತ್ತು. ಮೂಲೆಗೆ ಕರಿ ಉಣ್ಣೆಯ ದಾರ ಅಡ್ಡಡ್ಡ ಸುತ್ತಿತ್ತು. ಸೀಳಿನಿಂದ ಕಂದು ಗಂಜಿ ಹೊರಗೆ ಹರಿದು ಗಡ್ಡೆಗಟ್ಟಿತ್ತು. ಅದರ ಮೇಲೆ ಬಿಳಿ ಬೂಷ್ಟು, ಬೂಷ್ಟಿನ ಮೇಲೆ ಇರುವೆಗಳ ಸಾಲು.

“ಅತ್ತಿ! ಇದೇನ್ರಿ ಇದು?” ಎಂದು ಚೀರಿದೆ.

ಅತ್ತೆ ಬಾಯಿ ತೆರೆಯುವ ಮೊದಲೇ ಕಂಬಳಿಯ ಮೇಲೆ ಕೂತಿದ್ದ ಮಾವ ಗೋಡೆಗೆ ಹೇಳಿದರು: “ಹುಣಸಿ ಬೀಜದ ಗಂಜಿ ಹಾಕೇನಂತ ಹೇಳ ಅಕಿಗೆ. ಇನ್ ಹತ್ತ ವರ್ಸ ಅಲಗಾಡೂದಿಲ್ಲ. ಮನ್ಯಾಗ ಆಗೂದಕ್ಕ ಅಥಣಿಗ್ ಯಾಕ್ ಹೋಗಬೇಕ?”

“ಗಂಜಿ ಹಾಕ್ಯಾರಂತ ನೋಡವಾ” ಎಂದರು ಅತ್ತೆ, ನನಗೆ ಕೇಳಿಸಿಲ್ಲವೇನೋ ಎಂಬಂತೆ.

ನಾನು ಮುಚ್ಚಳವನ್ನು ಮೆಲ್ಲಗೆ ಅಲುಗಿಸಿದೆ. ಗಂಜಿಯ ಹೆಪ್ಪು ಸಮೇತ ಅದು ಹಿಂದಕ್ಕೆ ಬಿತ್ತು, ಒಳಗಿನಿಂದ ಒಂದು ಜಿರಲೆ ಹೊರಬಂದು ನನ್ನ ಕೈ ಮೇಲೆ ಹರಿದು ಹೋಯಿತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಹೊರಗೆ ಬಂದರೆ ಅತ್ತೆಯ ಮುಖ ಅರಳಿತ್ತು. ಬಸುರಿಯೇನೋ ಎಂದು ಅವರ ಲೆಕ್ಕ. ಮತ್ತೆ ಬಚ್ಚಲಿಗೆ ತಿರುಗಿ ಹೋಗಿ, ಬಕೆಟ್ಟಿನ ಹೊಲಿಗೆಯಿಂದ ನೀರೆಲ್ಲ ಸೋರುವ ಮೊದಲೇ ಬಾಯಿ ತೊಳೆದುಕೊಂಡೆ.

ಮರುದಿನ ಮಾಳೇಶನ ಬೆನ್ನು ಹತ್ತಿ ಅಥಣಿಗೆ ಹೋದೆ. ಅಂಗಡಿಯವನು ಬಟ್ಟೆ ಬಿಚ್ಚಿ ನೋಡಿ, ಮೂಗಿಗೆ ಕೈಯೊತ್ತಿ, ಮತ್ತೆ ಬಟ್ಟೆ ಸುತ್ತಿ ವಾಪಸು ಕೊಟ್ಟ. “ಇಂಥಾದ್ ನಾವ್ ಮುಟ್ಟೂದಿಲ್ರಿ ಅಕ್ಕಾರ” ಎಂದ. ಅಲ್ಲಿ ನಿಂತಿದ್ದ ಇಬ್ಬರು ನಕ್ಕರು. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು. ಎರಡು ಟ್ಯೂಬು ಕಲಸಿ ಹಚ್ಚುವ ಗಟ್ಟಿ ಅಂಟು, ಒಂದು ಚಿಕ್ಕ ಸ್ಕ್ರೂಡ್ರೈವರ್, ಒಂದು ಬಾಟಲಿ ಸ್ಪಿರಿಟ್ ತೆಗೆದುಕೊಂಡು ಮನೆಗೆ ಬಂದೆ. ಫೋನಿನಲ್ಲಿ ಬಿಜಾಗರಿ ರಿಪೇರಿಯ ವಿಡಿಯೊ ಹುಡುಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಶನಿವಾರ ಮಧ್ಯಾಹ್ನ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತೆ. ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಪರದೆಯ ಸುತ್ತಲಿನ ಚೌಕಟ್ಟು ಎಬ್ಬಿಸಿದೆ. ಒಳಗೆ ಏನೇನಿತ್ತು ಎಂದು ಹೇಳಿದರೆ ಓದುವವರಿಗೂ ಊಟ ಸೇರದು. ಗಂಜಿ ಲೋಳೆಯಾಗಿ ವೈರುಗಳಿಗೆ ಮೆತ್ತಿಕೊಂಡಿತ್ತು, ಅದರಲ್ಲಿ ಜಿರಲೆಯ ಮೊಟ್ಟೆ, ಉಣ್ಣೆಯ ಎಳೆ, ತಂಬಾಕಿನ ಚೂರು. ಹಲ್ಲುಜ್ಜುವ ಹಳೆ ಬ್ರಶ್ಶಿಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ. ಉಜ್ಜುತ್ತ ಬೈದೆ. ಮಾವನನ್ನು ಬೈದೆ, ಮರೆತ ಗಂಡನನ್ನು ಬೈದೆ, ಹುಣಸೆ ಮರವನ್ನೂ ಬೈದೆ. ಎಲ್ಲ ಮನಸ್ಸಿನಲ್ಲೇ.

ತೊಳೆದ ಮೇಲೆ ಗೊತ್ತಾಯಿತು, ತಪ್ಪು ಪ್ಲಾಸ್ಟಿಕ್ಕಿನದಲ್ಲ. ಬಿಜಾಗರಿ ತುಕ್ಕು ತಿಂದು ತಿರುಗುತ್ತಲೇ ಇರಲಿಲ್ಲ. ತಿರುಗದ್ದನ್ನು ದಿನಾ ಎಳೆದದ್ದಕ್ಕೆ ಪ್ಲಾಸ್ಟಿಕ್ ಕಿತ್ತು ಬಂದಿತ್ತು. ಇದಕ್ಕೆ ಯಾವ ಅಂಟು ಹಾಕಿದರೂ ಮತ್ತೆ ಕೀಳುತ್ತದೆ, ಮೊದಲು ಅದನ್ನು ಸಡಿಲಿಸಬೇಕು ಎಂದು ವಿಡಿಯೊದವನು ಹೇಳಿದ್ದ. ತುದಿಯಲ್ಲಿದ್ದ ಪುಟ್ಟ ನಟ್ಟನ್ನು ಪಕ್ಕಡದಿಂದ ಹಿಡಿದು ತುಸು ತಿರುಗಿಸಿ, ಒಂದು ಹನಿ ಎಣ್ಣೆ ಬಿಟ್ಟು, ಕೈಯಿಂದ ಆಡಿಸಿದೆ. ಮೆತ್ತಗೆ ತಿರುಗಿತು. ಆಗ ಅಂಟು ಕಲಸಿ, ಪಟ್ಟಿಯನ್ನು ಅದರ ಜಾಗಕ್ಕೆ ಕೂರಿಸಿ, ಎಲ್ಲ ಮೊದಲಿನಂತೆ ಮುಚ್ಚಿ, ಮುಚ್ಚಳ ತೆರೆದು ಗೋಡೆಗೆ ಆನಿಸಿ ಇಟ್ಟೆ. ಅಂಟು ಗಟ್ಟಿಯಾಗಲು ಭಾನುವಾರ ಸಂಜೆಯವರೆಗೆ ಯಾರೂ ಮುಟ್ಟಬಾರದು. ಇಷ್ಟೇ ಬೇಕಾಗಿದ್ದದ್ದು.

“ಅತ್ತಿ, ನಾಳಿ ಸಂಜೀ ತನಕ ಇದನ್ನ ಮುಟ್ಟಬಾರ್ದಂತ ಮಾವಾರಿಗೆ ಹೇಳ್ರಿ. ಕೈ ಮುಗೀತೇನ್ರಿ” ಎಂದೆ.

“ಹೇಳತೇನ್ ತಗೋ” ಎಂದು ಅತ್ತೆ ಹಿತ್ತಿಲಿಗೆ ಹೋದರು. ಹೇಳಿದರು ಕೂಡ, ಎಮ್ಮೆಗೆ. “ನೋಡಬೇ, ಮಂದೀ ಸಾಮಾನ ಕೆಲವ್ರು ಮುಟ್ಟಬಾರ್ದಂತ.” ಎಮ್ಮೆ ಕಿವಿ ಅಲ್ಲಾಡಿಸಿತು. ಮಾವ ಆಚೆ ಆಡಿಗೆ ಸೊಪ್ಪು ಕಟ್ಟುತ್ತಿದ್ದರು, ತಲೆ ಕೂಡ ಎತ್ತಲಿಲ್ಲ.

ಭಾನುವಾರ ಅತ್ತೆ ಮೇವಿಗೆ ಹೋಗಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮಾವ ಅಡುಗೆಮನೆಗೆ ಬಂದರು. ನಾನು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದೆ. ದಬ್ಬಣದ ತುದಿಯನ್ನು ನನ್ನ ಒಲೆಯ ಕೆಂಡದಲ್ಲಿಟ್ಟು ಕೆಂಪಗೆ ಕಾಯಿಸಿಕೊಂಡು ಹೋದರು. ಯಾಕೆ ಎಂದು ಕೇಳುವಂತಿಲ್ಲ. ಆಡಿನ ಕೊರಳ ಪಟ್ಟಿಗೆ ತೂತು ಮಾಡಲಿಕ್ಕಿರಬಹುದು ಅಂದುಕೊಂಡೆ. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ಮಾವ ಕಂಬಳಿಯ ಮೇಲೆ ಕೂತಿದ್ದರು. ನನ್ನ ಲ್ಯಾಪ್‌ಟಾಪ್ ಅವರ ತೊಡೆಯ ಮೇಲೆ ಬೋರಲಾಗಿತ್ತು. ಮುಚ್ಚಳದ ಬೆನ್ನಿಗೆ ತೂತು ಬಿದ್ದಿತ್ತು. ಬರೀ ಅಂಟಿನ ಮೇಲೆ ಅವರಿಗೆ ನಂಬಿಕೆ ಇಲ್ಲ. ಹಳೆ ರೇಡಿಯೊದ ಒಂದು ಉದ್ದನೆಯ ಸ್ಕ್ರೂವನ್ನು ಆ ತೂತಿಗೆ ಇಟ್ಟು ತಿರುಗಿಸುತ್ತಿದ್ದರು. ಆ ತೂತಿನ ಆಚೆಗೇ ಪರದೆ. ನಾನು ಕೆಮ್ಮಿದೆ. ಬಳೆ ಸಪ್ಪಳ ಮಾಡಿದೆ. ಅಡುಗೆಮನೆಯ ತಾಟನ್ನು ನೆಲಕ್ಕೆ ಬಡಿದೆ.

“ಈಗ ಚಾ ಬ್ಯಾಡಂತ ಹೇಳ ಅಕಿಗೆ” ಎಂದರು ಮಾವ, ಮನೆಯಲ್ಲೇ ಇಲ್ಲದ ಹೆಂಡತಿಗೆ. ಮತ್ತೆ ತಿರುಗಿಸಿದರು. ಟಕ್ ಎಂದಿತು.

“ಕೈ ತಗೀರಿ ಮಾವಾರ!”

ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಮೇಲೆ ಗೊತ್ತಾಯಿತು. ಮಾವ ಸ್ಕ್ರೂಡ್ರೈವರ್ ಕೈಬಿಟ್ಟು, ಬಾಗಿಲಲ್ಲಿ ಇನ್ನಾರಾದರೂ ನಿಂತಿದ್ದಾರೆಯೇ ಎಂಬಂತೆ ನನ್ನ ಹಿಂದೆ ನೋಡಿದರು. ಆಮೇಲೆ ಟೊಪ್ಪಿಗೆ ಹಾಕಿಕೊಂಡು ಬೀರಪ್ಪನ ಗುಡಿ ಕಟ್ಟೆಗೆ ಹೋಗಿಬಿಟ್ಟರು. ನಾನು ಲ್ಯಾಪ್‌ಟಾಪ್ ತಿರುಗಿಸಿ ಚಾಲೂ ಮಾಡಿದೆ. ಎಡಗಡೆಯ ಮೂಲೆಯಿಂದ ಕರಿ ಮಸಿ ಹರಡಿ ಪರದೆಯ ಮೂರರಲ್ಲಿ ಒಂದು ಪಾಲು ಕಪ್ಪಾಗಿತ್ತು.

ಮೇವು ಹೊತ್ತು ಬಂದ ಅತ್ತೆ ಹೊರೆ ಇಳಿಸುವ ಮೊದಲೇ ಕೇಳಿದರು: “ಮಾತಾಡಿದಿ ಅಂತಲ್ಲ?” ಗುಡಿ ಕಟ್ಟೆಯಿಂದ ಸುದ್ದಿ ಹೊಲಕ್ಕೆ ಮುಟ್ಟಿತ್ತು. ಸಂಜೆ ಮಾಳೇಶನ ಫೋನು.

“ಅಪ್ಪಗ ಎದುರ ಮಾತಾಡಿದಿ ಅಂತ?”

“ಪರದೆ ಒಡದೈತ್ರಿ.”

“ಅದಿರ್ಲಿ. ಏನಂದಿ?”

“ಕೈ ತಗೀರಿ ಅಂದ್ನಿ.”

“ಅಷ್ಟನಾ?”

“ಅಷ್ಟ.”

“ಸದ್ಯ” ಎಂದು ಆತ ಉಸಿರು ಬಿಟ್ಟ. ಫೋನು ಗೋಡೆಗೆ ಎಸೆಯಬೇಕೆನಿಸಿತು. ನನ್ನ ಕೆಲಸ ಕರಿ ಮಸಿಯಾಗಿ ಹರಡಿ ಕೂತಿತ್ತು, ಇವರಿಗೆಲ್ಲ ಬೇಕಾಗಿದ್ದದ್ದು ನನ್ನ ಎರಡು ಮಾತು. ಆ ರಾತ್ರಿ ಊಟ ಬಡಿಸುವಾಗ ನನಗೆ ಆ ಮನೆಯ ತಾಟು, ತಂಬಿಗೆ, ಮನುಷ್ಯರು ಎಲ್ಲದರ ಮೇಲೂ ಅಸಹ್ಯ ಹುಟ್ಟಿತ್ತು.

ಆದರೆ ಸೋಮವಾರ ಬೆಳಿಗ್ಗೆ ಮುಚ್ಚಳ ಎತ್ತಿದಾಗ ಅದು ನಿಂತಿತು. ಎಲ್ಲಿ ಬಿಟ್ಟೆನೋ ಅಲ್ಲೇ, ಕರಕರ ಎನ್ನದೆ. ಕ್ಯಾಮೆರಾ ನನ್ನ ಮುಖವನ್ನೇ ನೋಡುತ್ತಿತ್ತು. ಪರೀಕ್ಷೆ ಮಾಡುವವರು ಮೂವರು. ಅವರಲ್ಲಿ ಒಬ್ಬರು ನನ್ನ ಪರದೆಯ ಕಪ್ಪಿನೊಳಗೆ ಸಿಕ್ಕಿಕೊಂಡು ಕಾಣಲೇ ಇಲ್ಲ, ಬರೀ ದನಿ. ಸೊನ್ನೆಗಿಂತ ಕಡಿಮೆಯ ಸಂಖ್ಯೆಗಳ ಪಾಠ ಮಾಡಿದೆ. ಬೇಸಿಗೆಯಲ್ಲಿ ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಹೇಳಿ ತಿಳಿಸಿದೆ. ಪ್ರಶ್ನೆ ಹೆಚ್ಚು ಕೇಳಿದ್ದು ಆ ಕಾಣದ ಮನುಷ್ಯರೇ. ಕರಿ ಮಸಿಯ ಕಡೆ ನೋಡಿ ನಗುತ್ತ ನಗುತ್ತ ಉತ್ತರ ಹೇಳಿದೆ. ನಾನು ಹೇಳಿದ್ದರ ಬಗ್ಗೆ ಅವರು ನನ್ನನ್ನೇ ಕೇಳಿದರು, ನಡುವೆ ಇನ್ಯಾರೂ ಇರಲಿಲ್ಲ. ಅದೇ ವಾರ ಕರೆ ಬಂತು. ಕೆಲಸ ಸಿಕ್ಕಿತ್ತು.

ಸುದ್ದಿ ಕೇಳಿ ಪಕ್ಕದ ಮನೆಯ ಜಕ್ಕಪ್ಪ ಬಂದ. ಆತನ ಕಂಕುಳಲ್ಲಿ ಮಗಳ ಲ್ಯಾಪ್‌ಟಾಪ್, ಅದರದೂ ಮೂಲೆ ಕಿತ್ತಿತ್ತು. ನಾನು ಚಹಾ ತರುವಾಗ ಮಾವ ಕಂಬಳಿಯ ಮೇಲೆ ಕೂತು, ಮೊಣಕಾಲಿಗೆ ಕೈ ಕಟ್ಟಿ, ಆತನಿಗೆ ಹೇಳುತ್ತಿದ್ದರು.

“ಗಂಜಿ ಹಾಕಿದ್ನಿ, ಆದ್ರ ಗಂಜಿಗೆ ಜಗ್ಗಲಿಲ್ಲ ಅದು. ಕಡೀಕ ಒಂದ್ ಸ್ಕ್ರೂ ಹೊಡದ್ನಿ ನೋಡ್ ಜಕ್ಕಪ್ಪಾ, ಕಲ್ಲಾಗಿ ನಿಂತತಿ. ನಮ್ಮ ಸೊಸಿಗೆ ನೌಕರಿ ಹತ್ತಿದ್ದ ಆ ಸ್ಕ್ರೂದ ಮ್ಯಾಲ. ತಾ ಇಲ್ಲಿ, ನಿಂದೂ ಮಾಡಿ ಕೊಡತೇನಿ.” ಎನ್ನುತ್ತ ಅತ್ತೆಗೆ, “ಒಲ್ಯಾಗ ದಬ್ಬಣ ಕಾಯಾಕಿಡಂತ ಹೇಳ ಅಕಿಗೆ” ಎಂದರು.

ನಾನು ಚಹಾದ ತಾಟು ಕೆಳಗಿಟ್ಟೆ. ಸೆರಗು ತಲೆಯ ಮೇಲೆ ಇದ್ದಲ್ಲೇ ಇತ್ತು. ಅತ್ತೆಯ ಕಡೆ ನೋಡಲಿಲ್ಲ.

“ಮಾವಾರ, ನೀವ್ ಹೊಡದ ಸ್ಕ್ರೂದಿಂದ ಪರದೆ ಒಡದೈತಿ. ನೀವ್ ಹಾಕಿದ ಗಂಜ್ಯಾಗ ಹುಳ ಬಿದ್ದಿದ್ವು. ಬಿಜಾಗರಿ ಸರಿ ಮಾಡಿದಾಕಿ ನಾನು. ಜಕ್ಕಪ್ಪಣ್ಣಾ, ನಿಮ್ಮದನ್ನ ನನ್ನ ಕೈಯಾಗ ಕೊಡ್ರಿ.”

ಜಕ್ಕಪ್ಪ ಮಾವನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಲ್ಯಾಪ್‌ಟಾಪನ್ನು ನೆಲದ ಮೇಲೆ, ಇಬ್ಬರಿಗೂ ಸರಿಯಾಗಿ ನಡುವೆ ಇಟ್ಟು, ಚಹಾ ಬಿಟ್ಟೇ ಎದ್ದು ಹೋದ. ಈಗ ಬೈಗುಳ ಬರುತ್ತದೆ, ಅತ್ತೆಯ ಮೇಲೆ ಹಾದು ಬರುತ್ತದೆ ಎಂದು ಕಾದೆ. ಹೊಡೆದರೂ ಹೊಡೆಯಲಿ, ಆದ ಮಾತು ಆಗಿ ಹೋಯಿತು ಎಂದುಕೊಂಡೆ.

ಮಾವ ಕಿವಿಯಿಂದ ಕನ್ನಡಕ ಬಿಚ್ಚಿದರು. ಆ ಉಣ್ಣೆ ಸುತ್ತಿದ ಕಡ್ಡಿಯನ್ನು ಹಿಡಿದು ನನ್ನತ್ತ ಚಾಚಿದರು. ಅತ್ತೆಯತ್ತ ಅಲ್ಲ, ನನ್ನತ್ತ.

“ಇದರ ಬಿಜಾಗರಿ ಸಡ್ಲ ಆಗೇತಿ” ಎಂದರು. “ನೋಡು.”

ನೋಡಿದೆ. ಉಣ್ಣೆಯ ಮೇಲೆ ವರ್ಷಗಳ ಬೆವರಿನ ಕರಿ ಜಿಡ್ಡು, ಸಂದಿಯಲ್ಲಿ ತಂಬಾಕಿನ ಹಳದಿ.

“ಮೊದಲ ಸಾಬಾಣ ಹಚ್ಚಿ ತೊಳಕೊಂಡ ಬರ್ರಿ” ಎಂದೆ. “ಹಿಂಗ ಇದ್ರ ನಾ ಮುಟ್ಟೂದಿಲ್ಲ.”

ಮಾವ ರೂಢಿಯಂತೆ ಅತ್ತೆಯ ಕಡೆ ತಿರುಗಿ, ಆ ಮಾತು ಅಲ್ಲಿಂದ ಬರಲಿ ಎಂದು ಕಾದರು. ಅತ್ತೆ ಜಕ್ಕಪ್ಪ ಬಿಟ್ಟುಹೋದ ಚಹಾ ಎತ್ತಿಕೊಂಡು ಕುಡಿಯತೊಡಗಿದರು. ಮಾವ ಎದ್ದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ಹೊಲಿದ ಬಕೆಟ್ಟಿಗೆ ನೀರು ಬೀಳುವ ಸಪ್ಪಳ ಕೇಳಿಸಿತು.

“ಸಾಬಾಣ ಎಲ್ಲೈತಿ?” ಎಂದು ಒಳಗಿನಿಂದ ಕೂಗಿದರು.

ಈ ಸಲ ‘ಹೇಳ ಅಕಿಗೆ’ ಎಂಬುದು ಇರಲಿಲ್ಲ. ಮಾವ ಕೇಳಿದ್ದು ನನ್ನನ್ನು.